ಆಘಾತ ಕಂಡ ಮಗುವಿನಲ್ಲಿ ಇನ್ನೇನಿದೆ? ಜೊತೆಗಿರುವ ಮಾನಸಿಕ ತೊಂದರೆಗಳನ್ನು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಒಂಬತ್ತು ವರ್ಷದ ಒಬ್ಬ ಹುಡುಗ ಅಂದುಕೊಳ್ಳಿ. ತರಗತಿಯಲ್ಲಿ ಒಂದು ಕಡೆ ಕೂರುವುದಿಲ್ಲ. ಬರೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನಿಂದ ಯಾರಾದರೂ ಭುಜ ಮುಟ್ಟಿದರೆ ತಿರುಗಿ ಹೊಡೆದೇ ಬಿಡುತ್ತಾನೆ. ಟೀಚರ್ "ಇದು ಎಡಿಎಚ್‌ಡಿ ಇರಬೇಕು" ಅನ್ನುತ್ತಾರೆ, ಅಂದರೆ ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ. ಅಮ್ಮ "ಮೊದಲು ಹೀಗಿರಲಿಲ್ಲ" ಅನ್ನುತ್ತಾರೆ. ಎಲ್ಲ ಮಾತು ಮುಗಿದು ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು, ಸಣ್ಣ ದನಿಯಲ್ಲಿ ಇನ್ನೊಂದು ವಿಷಯ ಬರುತ್ತದೆ: ಎರಡು ವರ್ಷದ ಹಿಂದೆ ಅವನ ಅಪ್ಪ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಇವನೂ ಅದೇ ಗಾಡಿಯಲ್ಲಿದ್ದ.

ಈಗ ಏನು ಹೇಳುತ್ತೀರಿ? ಇಲ್ಲಿ ಎರಡು ತಪ್ಪುಗಳು ತುಂಬ ಸುಲಭ. ಅಪಘಾತದ ವಿಷಯ ಕೇಳದೇ ಇದ್ದರೆ ಎಡಿಎಚ್‌ಡಿ ಎಂದು ಬರೆದು ಮುಗಿಸುತ್ತೇವೆ. ಕೇಳಿದ ಮೇಲೆ ಹುಡುಗನ ಪ್ರತಿಯೊಂದು ನಡೆಯನ್ನೂ ಅಪಘಾತದ ಲೆಕ್ಕಕ್ಕೇ ಸೇರಿಸುತ್ತೇವೆ, ಅವನಿಗೆ ಮೂರನೇ ವಯಸ್ಸಿನಿಂದಲೂ ಒಂದು ಕಡೆ ಕೂರಲು ಆಗುತ್ತಿರಲಿಲ್ಲವಾ ಅನ್ನುವುದನ್ನು ಯಾರೂ ಕೇಳುವುದೇ ಇಲ್ಲ. ಎರಡರಲ್ಲೂ ನಷ್ಟ ಮಗುವಿಗೇ. ಆಘಾತ ಅನುಭವಿಸಿದ ಮಕ್ಕಳಲ್ಲಿ ಒಂದೇ ತೊಂದರೆ ಒಂಟಿಯಾಗಿ ಇರುವುದು ಕಡಿಮೆ, ಖಿನ್ನತೆ, ಆತಂಕ, ಸಿಟ್ಟು, ಗಮನದ ತೊಂದರೆ ಒಂದರ ಮೇಲೊಂದು ಕೂತಿರುತ್ತವೆ. ಅವನ್ನು ಬಿಡಿಸುವ ಕೆಲಸ ಹೇಗೆ ಮಾಡುವುದು ಅನ್ನುವುದೇ ಈ ಬರಹ.

ಇದನ್ನು ಈಗತಾನೇ ಮಕ್ಕಳ ಜೊತೆ ಕೆಲಸ ಶುರು ಮಾಡಿದ ಕೌನ್ಸೆಲರ್‌ಗಳು, ಮನಶ್ಶಾಸ್ತ್ರಜ್ಞರು, ಮಕ್ಕಳ ವೈದ್ಯರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಅಪ್ಪ ಅಮ್ಮಂದಿರೂ ಓದಬಹುದು, ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಒಳ್ಳೆಯದೇ. ಆದರೆ ಓದಿಕೊಂಡು ಮನೆಯಲ್ಲೇ ಮಗುವಿಗೆ ಕಾಯಿಲೆಯ ಹೆಸರು ಇಡಬೇಡಿ.

1. ಮೊದಲು ಸುರಕ್ಷತೆ, ಆಮೇಲೆ ಉಳಿದದ್ದು

ಯಾವ ಪ್ರಶ್ನಾವಳಿ ತೆಗೆಯುವ ಮೊದಲೂ ಕೇಳಬೇಕಾದದ್ದು ಒಂದೇ. ಅಪಾಯ ಮುಗಿದಿದೆಯಾ? ಮನೆಯಲ್ಲಿ ಇವತ್ತಿಗೂ ಹೊಡೆತ ಬೀಳುತ್ತಿದ್ದರೆ ಆ ಮಗು ಸದಾ ಎಚ್ಚರವಾಗಿ, ಬೆಚ್ಚಿ ಬೀಳುತ್ತಾ ಇರುವುದು ಕಾಯಿಲೆಯ ಲಕ್ಷಣ ಅಲ್ಲ, ಅದು ಬದುಕಿ ಉಳಿಯುವ ದಾರಿ. ಅಂಥ ಮಗುವಿಗೆ ಮೊದಲು ಬೇಕಾದದ್ದು ರಕ್ಷಣೆ. ಕಾಯಿಲೆಯ ಹೆಸರು ಆಮೇಲೆ ನೋಡಿದರಾಯಿತು. ಮಕ್ಕಳ ಮೇಲಿನ ದೌರ್ಜನ್ಯ ತಿಳಿದರೆ ಯಾರಿಗೆ, ಎಷ್ಟು ಬೇಗ ವರದಿ ಮಾಡಬೇಕು ಅನ್ನುವ ಕಾನೂನು ನೀವಿರುವ ಕಡೆ ಏನಿದೆಯೋ ಅದನ್ನು ಮೊದಲೇ ಓದಿಟ್ಟುಕೊಳ್ಳಿ. "ನೀನು ಹೇಳಿದ್ದನ್ನು ಯಾರಿಗೂ ಹೇಳಲ್ಲ" ಎಂದು ಯಾವತ್ತೂ ಮಾತು ಕೊಡಬೇಡಿ. "ನಿನಗೆ ಅಥವಾ ಬೇರೆಯವರಿಗೆ ಅಪಾಯ ಇದೆ ಅನ್ನಿಸಿದರೆ ನಾನು ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ" ಅಂತ ಶುರುವಿನಲ್ಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಮಗುವಿಗೆ ಅದು ಮೋಸ ಅನ್ನಿಸುತ್ತದೆ.

ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವ ಭಯ ಇನ್ನೂ ತುಂಬ ಜನರಲ್ಲಿದೆ, ಅದು ನಿಜ ಅಲ್ಲ. ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಸ್ಕೇಲ್‌ನಲ್ಲಿ ಇದಕ್ಕೆ ಸಣ್ಣ, ಸರಳ ಪ್ರಶ್ನೆಗಳಿವೆ. ಅಮ್ಮನ ಮುಂದೆ ಕೇಳಿ "ಇಲ್ಲ" ಅನ್ನಿಸಿಕೊಂಡರೆ ಅದು ಉತ್ತರ ಅಲ್ಲ, ಮಗು ಒಂಟಿಯಾಗಿದ್ದಾಗ ಕೇಳಬೇಕು.

ಇನ್ನೊಂದು ಎಚ್ಚರ. ಪೊಲೀಸ್ ತನಿಖೆ ನಡೆಯುತ್ತಿದ್ದರೆ ಅಥವಾ ನಡೆಯಬಹುದು ಅನ್ನಿಸಿದರೆ, ಘಟನೆಯನ್ನು ಕೆದಕಿ ಕೆದಕಿ ಕೇಳುವುದು ನಿಮ್ಮ ಕೆಲಸ ಅಲ್ಲ. "ಅವನು ನಿನ್ನನ್ನು ಮುಟ್ಟಿದನಾ?" ಅನ್ನುವಂಥ ಪ್ರಶ್ನೆಯೊಳಗೇ ಉತ್ತರ ಇರುತ್ತದೆ. ಅದು ಮಗುವಿನ ನೆನಪನ್ನೂ ಕೆಡಿಸಬಹುದು, ನಾಳೆ ಕೋರ್ಟಿನಲ್ಲಿ ಅದರ ಮಾತನ್ನೂ ದುರ್ಬಲ ಮಾಡಬಹುದು. "ಅವತ್ತು ಏನಾಯ್ತು, ನಿನಗೆ ಹೇಳಬೇಕು ಅನ್ನಿಸಿದಷ್ಟು ಹೇಳು" ಅಂದರೆ ಸಾಕು. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಬರೆದುಕೊಳ್ಳಿ.

2. ಯಾರನ್ನು ಕೇಳಬೇಕು

ಮಗುವನ್ನು ಬೇರೆಯಾಗಿ, ಸಾಕುವವರನ್ನು ಬೇರೆಯಾಗಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ. ಶಾಲೆಯಿಂದ ಒಬ್ಬ ಟೀಚರ್ ಮಾತು ಬೇಕೇ ಬೇಕು. ಒಂದೇ ದಿನದಲ್ಲಿ ಇದನ್ನೆಲ್ಲ ಮುಗಿಸುವ ಯೋಚನೆ ಬಿಡಿ, ಕನಿಷ್ಠ ಎರಡು ಮೂರು ಭೇಟಿಯಾದರೂ ಆಗುತ್ತದೆ.

ಅಪ್ಪ ಅಮ್ಮ ಹೇಳಿದ್ದಕ್ಕೂ ಮಗು ಹೇಳಿದ್ದಕ್ಕೂ ತಾಳೆ ಆಗುವುದಿಲ್ಲ. ಇದು ಸಾಮಾನ್ಯ, ಗಾಬರಿಯಾಗಬೇಡಿ. ದೊಡ್ಡವರಿಗೆ ಕಾಣುವುದು ಕಿರುಚಾಟ, ಹಠ, ಹೊಡೆದಾಟ. ರಾತ್ರಿ ಬೀಳುವ ಕೆಟ್ಟ ಕನಸು, ತಲೆಯಲ್ಲಿ ಓಡುವ ಚಿತ್ರ, "ನನ್ನಿಂದಲೇ ಆಗಿದ್ದು" ಅನ್ನುವ ಯೋಚನೆ ಗೊತ್ತಿರುವುದು ಮಗುವಿಗೆ ಮಾತ್ರ. ಅಮ್ಮನಿಗೆ ಬೇಜಾರಾಗುತ್ತದೆ ಅಂತ ಎಷ್ಟೋ ಮಕ್ಕಳು ಅದನ್ನು ಮನೆಯಲ್ಲಿ ಬಾಯಿ ಬಿಡುವುದೇ ಇಲ್ಲ. ಹಾಗಾಗಿ ಯಾರು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ, ಇಬ್ಬರ ಮಾತನ್ನೂ ಸೇರಿಸಿ ಬರೆದುಕೊಳ್ಳಿ.

ಸಾಕುವವರ ಮನಸ್ಥಿತಿಯನ್ನೂ ನೋಡಿ. ನಮ್ಮ ಹುಡುಗನ ಅಮ್ಮ ಗಂಡನನ್ನು ಕಳೆದುಕೊಂಡಿದ್ದಾರೆ, ಅವರಿಗೇ ನಿದ್ದೆ ಇಲ್ಲದಿರಬಹುದು. ಕರೆದುಕೊಂಡು ಬಂದವರೇ ಮಗುವಿಗೆ ನೋವು ಕೊಟ್ಟವರಾಗಿರುವ ಸಾಧ್ಯತೆಯನ್ನೂ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

3. ಒಂದು ಗೆರೆ ಎಳೆಯಿರಿ

ಇಡೀ ಅಸೆಸ್‌ಮೆಂಟ್‌ನಲ್ಲಿ ನನಗೆ ಒಂದೇ ಒಂದು ಸಾಧನ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. ದೊಡ್ಡ ಹಾಳೆ, ಉದ್ದ ಗೆರೆ. ಎಡ ತುದಿ ಹುಟ್ಟಿದ ದಿನ, ಬಲ ತುದಿ ಇವತ್ತು. ಗೆರೆಯ ಮೇಲೆ ಬದುಕಿನಲ್ಲಿ ನಡೆದದ್ದು: ಹೆರಿಗೆ ಹೇಗಾಯಿತು, ಯಾವಾಗ ನಡೆದ, ಯಾವಾಗ ಮಾತಾಡಿದ, ಶಾಲೆಗೆ ಸೇರಿದ್ದು, ಮನೆ ಬದಲಿಸಿದ್ದು, ತಂಗಿ ಹುಟ್ಟಿದ್ದು, ಆಸ್ಪತ್ರೆಗೆ ಸೇರಿದ್ದು, ಅಪಘಾತ. ಗೆರೆಯ ಕೆಳಗೆ ಮಗುವಿನಲ್ಲಿ ಕಂಡ ಬದಲಾವಣೆ: ನಿದ್ದೆ, ಊಟ, ಸಿಟ್ಟು, ಓದು, ಸ್ನೇಹ, ಆಟ.

ತಾರೀಕು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. "ತಂಗಿ ಹುಟ್ಟುವ ಮೊದಲೋ ಆಮೇಲೋ?", "ಆಗ ಯಾವ ಟೀಚರ್ ಇದ್ದರು?" ಅಂತ ಕೇಳಿ, ಥಟ್ಟನೆ ನೆನಪಾಗುತ್ತದೆ. ಹಳೆಯ ಅಂಕಪಟ್ಟಿಗಳನ್ನು ತರಲು ಹೇಳಿ. ಟೀಚರ್ ಕೈಬರಹದಲ್ಲಿ "ಬುದ್ಧಿವಂತ, ಆದರೆ ಕುಳಿತಲ್ಲಿ ಕೂರುವುದಿಲ್ಲ" ಎಂದು ಅಪಘಾತಕ್ಕಿಂತ ಎರಡು ವರ್ಷ ಮೊದಲೇ ಬರೆದಿದ್ದರೆ ಅದು ನಿಮಗೆ ಹತ್ತು ಪ್ರಶ್ನಾವಳಿಗಿಂತ ಜಾಸ್ತಿ ಹೇಳುತ್ತದೆ. ಫೋನಿನಲ್ಲಿರುವ ಹಳೆಯ ವಿಡಿಯೊಗಳೂ ಅಷ್ಟೇ.

ಈ ಗೆರೆ ಏಕೆ ಬೇಕು ಅಂದರೆ, ಪ್ರತಿ ತೊಂದರೆಗೂ ಅದರದ್ದೇ ಆದ ಕಾಲದ ಲೆಕ್ಕವಿದೆ. ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ತಂದಿರುವ ಕೈಪಿಡಿ) ಪ್ರಕಾರ ಎಡಿಎಚ್‌ಡಿಯ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇರಬೇಕು, ಎರಡು ಅಥವಾ ಹೆಚ್ಚು ಕಡೆ ಕಾಣಬೇಕು, 6 ತಿಂಗಳು ನಡೆದಿರಬೇಕು. ಖಿನ್ನತೆಗೆ 2 ವಾರ. ಮಕ್ಕಳಲ್ಲಿ ಸಾಕುವವರಿಂದ ಬೇರೆಯಾಗುವ ಆತಂಕಕ್ಕೆ 4 ವಾರ. ಆಘಾತದ ನಂತರ ಉಳಿಯುವ ಒತ್ತಡದ ತೊಂದರೆಗೆ, ಅಂದರೆ ಪಿಟಿಎಸ್‌ಡಿಗೆ, 1 ತಿಂಗಳಿಗಿಂತ ಜಾಸ್ತಿ, ಘಟನೆ ನಡೆದ 3 ದಿನದಿಂದ 1 ತಿಂಗಳವರೆಗೆ ಅದನ್ನು ತೀವ್ರ ಒತ್ತಡದ ತೊಂದರೆ ಅನ್ನುತ್ತಾರೆ. ಗೆರೆ ಎದುರಿಗಿದ್ದರೆ ಯಾವುದು ಘಟನೆಗೆ ಮೊದಲಿನಿಂದ ಇದೆ, ಯಾವುದು ಆಮೇಲೆ ಹುಟ್ಟಿತು, ಯಾವುದು ಮೊದಲೂ ಇದ್ದು ಆಮೇಲೆ ಜೋರಾಯಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಈ ಮೂರನೆಯದನ್ನು ಜನ ಮರೆಯುತ್ತಾರೆ, ಆದರೆ ತುಂಬ ಸಲ ಉತ್ತರ ಇರುವುದು ಅಲ್ಲೇ.

ಒಂದು ಕಷ್ಟ ಇದೆ. ಮಗು ಹುಟ್ಟಿದಾಗಿನಿಂದ ಅಥವಾ ಎರಡನೇ ವರ್ಷದಿಂದಲೇ ಹಿಂಸೆಯ ನಡುವೆ ಬೆಳೆದಿದ್ದರೆ "ಮೊದಲು" ಅನ್ನುವುದೇ ಇರುವುದಿಲ್ಲ. ಆಗ ಗೆರೆಯೊಂದೇ ಸಾಲದು. ಲಕ್ಷಣ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ನೆನಪು ತರುವ ವಸ್ತು, ಜಾಗ, ದನಿಯ ಜೊತೆ ಅದಕ್ಕೆ ನಂಟಿದೆಯಾ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಎಡಿಎಚ್‌ಡಿ ಅಥವಾ ಖಿನ್ನತೆ ಇದೆಯಾ ಅಂತ ನೋಡಬೇಕು.

ಹಾಗೇ, ನಿಮಗೆ ಗೊತ್ತಾದ ಘಟನೆ ಒಂದೇ ಅಂದುಕೊಳ್ಳಬೇಡಿ. ಅಪಘಾತದ ಹುಡುಗನಿಗೆ ಶಾಲೆಯಲ್ಲಿ ದೊಡ್ಡ ಹುಡುಗರ ಕಾಟವೂ ಇರಬಹುದು. ಆದ್ದರಿಂದ ಎಲ್ಲ ಬಗೆಯ ಘಟನೆಗಳ ಪಟ್ಟಿಯನ್ನು ಎಲ್ಲ ಮಕ್ಕಳಿಗೂ ಓದಿ, ಹೌದು ಅಥವಾ ಇಲ್ಲ ಅಷ್ಟೇ ಕೇಳಿ. ವಿವರ ಆಮೇಲೆ.

4. ಪಿಟಿಎಸ್‌ಡಿ ಇದೆಯಾ, ಇಲ್ಲವಾ

ಆಘಾತ ಆದ ಮಕ್ಕಳಿಗೆಲ್ಲ ಪಿಟಿಎಸ್‌ಡಿ ಬರುವುದಿಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು 16% ಮಕ್ಕಳಲ್ಲಿ ಕಂಡಿತ್ತು, ಅಂದರೆ ಆರರಲ್ಲಿ ಒಬ್ಬರು. ಉಳಿದವರಲ್ಲಿ ಎಷ್ಟೋ ಮಕ್ಕಳು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಪಿಟಿಎಸ್‌ಡಿ ಇಲ್ಲದೆ ಬರೀ ಖಿನ್ನತೆಯೋ ಆತಂಕವೋ ಬರುತ್ತದೆ.

ನೋಡಬೇಕಾದ್ದು ನಾಲ್ಕು ಗುಂಪು: ಬೇಡವೆಂದರೂ ನುಗ್ಗಿ ಬರುವ ನೆನಪು, ನೆನಪು ತರುವುದರಿಂದ ತಪ್ಪಿಸಿಕೊಳ್ಳುವುದು, ತನ್ನ ಮತ್ತು ಜಗತ್ತಿನ ಬಗ್ಗೆ ಕೆಟ್ಟ ಯೋಚನೆ ಮತ್ತು ಭಾವನೆ, ಸದಾ ಕಟ್ಟೆಚ್ಚರ. ಮಕ್ಕಳಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ನುಗ್ಗಿ ಬರುವ ನೆನಪು ಆಟವಾಗಿ ಕಾಣುತ್ತದೆ. ಎರಡು ಕಾರು, ಡಿಕ್ಕಿ, ಮತ್ತೆ ಅದೇ, ಮತ್ತೆ ಅದೇ. ಆಟದಲ್ಲಿ ಖುಷಿ ಇರುವುದಿಲ್ಲ, ಕಥೆ ಮುಂದೆ ಹೋಗುವುದಿಲ್ಲ. ಕನಸು ಕೆಟ್ಟದಾಗಿರುತ್ತದೆ, ಏನು ಕಂಡೆ ಅಂದರೆ ಗೊತ್ತಿರುವುದಿಲ್ಲ. 1976ರಲ್ಲಿ ಅಮೆರಿಕದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ ಸಮೇತ 26 ಮಕ್ಕಳನ್ನು ಅಪಹರಿಸಿ ನೆಲದಡಿ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಮಾತಾಡಿಸಿದ ಮನೋವೈದ್ಯೆ ಲೆನೋರ್ ಟೆರ್ ಇಂಥ ಆಟವನ್ನು ದಾಖಲಿಸಿದರು. ನಾಲ್ಕು ವರ್ಷವಾದ ಮೇಲೂ ಆ ಮಕ್ಕಳಲ್ಲಿ ಆಘಾತದ ಗುರುತು ಉಳಿದಿತ್ತು, ತಾವು ತುಂಬ ದಿನ ಬದುಕಲ್ಲ ಅನ್ನುವ ಭಾವನೆಯೂ ಅದರಲ್ಲಿ ಒಂದು. ಅದಕ್ಕೇ "ದೊಡ್ಡವನಾದ ಮೇಲೆ ಏನಾಗ್ತೀಯಾ?" ಅನ್ನುವ ಸಾಧಾರಣ ಪ್ರಶ್ನೆಯನ್ನು ಬಿಡಬೇಡಿ. "ದೊಡ್ಡವನಾಗಲ್ಲ" ಅನ್ನುವ ಉತ್ತರ ಬರಬಹುದು.

6 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಡಿಎಸ್‌ಎಂ-5ರಲ್ಲಿ ಬೇರೆಯೇ ಮಾನದಂಡ ಇದೆ, ದೊಡ್ಡವರ ಪಟ್ಟಿ ಇಟ್ಟು ಅಳೆದರೆ ಈ ಪುಟ್ಟ ಮಕ್ಕಳು ಕೈಬಿಟ್ಟು ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ, 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ಸಂಕೀರ್ಣ ಪಿಟಿಎಸ್‌ಡಿ ಅಂತ ಪ್ರತ್ಯೇಕವಾಗಿ ಇದೆ. ಪಿಟಿಎಸ್‌ಡಿಯ ಜೊತೆಗೆ ಭಾವನೆ ಹಿಡಿತಕ್ಕೆ ಸಿಗದಿರುವುದು, ತಾನು ಕೆಲಸಕ್ಕೆ ಬಾರದವನು ಅನ್ನುವ ಗಟ್ಟಿ ನಂಬಿಕೆ, ಸಂಬಂಧಗಳಲ್ಲಿ ನಿಲ್ಲಲಾಗದಿರುವುದು ಇದರಲ್ಲಿ ಸೇರಿವೆ. ಡಿಎಸ್‌ಎಂನಲ್ಲಿ ಈ ಹೆಸರು ಇಲ್ಲ, ಹಾಗಾಗಿ ಯಾವ ಪುಸ್ತಕದ ಪ್ರಕಾರ ಬರೆದಿದ್ದೀರಿ ಅನ್ನುವುದನ್ನು ವರದಿಯಲ್ಲಿ ಹೇಳಿ.

5. ಒಂದೇ ಥರ ಕಾಣುವುದನ್ನು ಬೇರೆ ಮಾಡುವುದು

ಎಡಿಎಚ್‌ಡಿಯಿಂದ ಶುರು ಮಾಡೋಣ, ಗೊಂದಲ ಜಾಸ್ತಿ ಇರುವುದು ಇಲ್ಲೇ. "ಗಮನ ಇಲ್ಲ" ಅಂದಾಗ ಗಮನ ಎಲ್ಲಿದೆ ಅಂತ ಕೇಳಿ. ಎಡಿಎಚ್‌ಡಿ ಇರುವ ಮಗುವಿನ ಗಮನ ಕಿಟಕಿ, ಪೆನ್ಸಿಲ್, ಪಕ್ಕದವನ ಬ್ಯಾಗು ಅಂತ ಅಲೆಯುತ್ತಿರುತ್ತದೆ. ಹೆದರಿದ ಮಗುವಿನ ಗಮನ ಚದುರಿರುವುದಿಲ್ಲ, ಅದು ಪೂರ್ತಿ ಬಾಗಿಲ ಮೇಲೆ, ಟೀಚರ್ ದನಿಯ ಮೇಲೆ, ಹಿಂದೆ ಕೂತವನ ಕೈ ಮೇಲೆ ನೆಟ್ಟಿರುತ್ತದೆ. ಬೋರ್ಡಿನ ಮೇಲೆ ಮಾತ್ರ ಇರುವುದಿಲ್ಲ. ಹುಡುಗನನ್ನು ಗೋಡೆಗೆ ಬೆನ್ನು ಮಾಡಿ, ಬಾಗಿಲು ಕಾಣುವ ಹಾಗೆ ಕೂರಿಸಲು ಟೀಚರ್‌ಗೆ ಹೇಳಿ, ಎರಡು ವಾರ ಬಿಟ್ಟು ಏನು ಬದಲಾಯಿತು ಅಂತ ಕೇಳಿ. ಇದೊಂದರಿಂದ ತೀರ್ಮಾನ ಆಗುವುದಿಲ್ಲ, ಆದರೆ ಒಂದು ಸುಳಿವು ಸಿಗುತ್ತದೆ. ನಿದ್ದೆಯನ್ನು ಮರೆಯಬೇಡಿ: ರಾತ್ರಿ ಮೂರು ಸಲ ಎದ್ದು ಕೂರುವ ಮಗು ಹಗಲಲ್ಲಿ ಎಡಿಎಚ್‌ಡಿ ಥರವೇ ಕಾಣುತ್ತದೆ. ಎರಡೂ ಒಟ್ಟಿಗೆ ಇರಬಹುದು ಅನ್ನುವುದೂ ನೆನಪಿರಲಿ. ಎಡಿಎಚ್‌ಡಿ ಇರುವ ಮಕ್ಕಳಿಗೆ ಪೆಟ್ಟಾಗುವ ಸಂಭವವೇ ಹೆಚ್ಚು.

ಖಿನ್ನತೆ. ಮಕ್ಕಳಲ್ಲಿ ಅದು ಅಳುವಿಗಿಂತ ಸಿಡುಕಿನಲ್ಲಿ ಕಾಣಬಹುದು. ಪಿಟಿಎಸ್‌ಡಿ ಜೊತೆ ತುಂಬ ಕಲಸಿಹೋಗುವ ಲಕ್ಷಣ ಅಂದರೆ ಆಸಕ್ತಿ ಕಳೆದುಕೊಳ್ಳುವುದು. ನಮ್ಮ ಹುಡುಗ ಸೈಕಲ್ ಬಿಟ್ಟಿದ್ದಾನೆ. ರಸ್ತೆ ಅಂದರೆ ಭಯ ಅಂತಲೋ, ಯಾವುದರಲ್ಲೂ ಖುಷಿ ಇಲ್ಲ ಅಂತಲೋ? "ರಸ್ತೆ ಬೇಡ, ಮೈದಾನದಲ್ಲಿ ಸೈಕಲ್ ಹೊಡೀತೀಯಾ?" ಅಂದಾಗ ಕಣ್ಣು ಅರಳಿದರೆ ಅದು ತಪ್ಪಿಸಿಕೊಳ್ಳುವಿಕೆ. "ಏನೋ... ಬೇಡ" ಅಂದು, ಚಿತ್ರ ಬರೆಯುವುದನ್ನೂ ಗೆಳೆಯರನ್ನೂ ಬಿಟ್ಟಿದ್ದರೆ ಖಿನ್ನತೆಯ ಕಡೆ ನೋಡಿ.

ದುಃಖವನ್ನು ಬೇರೆಯಾಗಿಯೇ ಕೇಳಬೇಕು. ಅಪ್ಪನನ್ನು ಕಳೆದುಕೊಂಡ ಮಗು ಅತ್ತರೆ ಅದು ಕಾಯಿಲೆ ಅಲ್ಲ. ಆದರೆ ಅಪ್ಪ ಸತ್ತ ರೀತಿಯ ಚಿತ್ರ ಎಷ್ಟು ಭಯಂಕರ ಅಂದರೆ, ಅಪ್ಪನ ಒಳ್ಳೆಯ ನೆನಪು ತಂದುಕೊಂಡರೂ ಅದೇ ಚಿತ್ರ ಎದುರಿಗೆ ಬಂದು ನಿಲ್ಲುತ್ತದೆ, ಹಾಗಾಗಿ ಮಗು ಅಪ್ಪನ ಫೋಟೊ ನೋಡುವುದನ್ನೇ ಬಿಡುತ್ತದೆ. ದುಃಖಪಡಲೂ ಅದಕ್ಕೆ ದಾರಿ ಇಲ್ಲದಂತಾಗುತ್ತದೆ. 2022ರ ಡಿಎಸ್‌ಎಂ ಪರಿಷ್ಕರಣೆಯಲ್ಲಿ ದೀರ್ಘಕಾಲದ ದುಃಖದ ತೊಂದರೆ ಸೇರಿದೆ, ದೊಡ್ಡವರಿಗೆ 12 ತಿಂಗಳಾದರೆ ಮಕ್ಕಳಿಗೆ 6 ತಿಂಗಳ ಮಿತಿ. ಅಪ್ಪನ ಬಗ್ಗೆ ಹಂಬಲ ಜಾಸ್ತಿಯೋ, ಅವತ್ತಿನ ಬಗ್ಗೆ ಭಯ ಜಾಸ್ತಿಯೋ ಅಂತ ಕೇಳಿ. ಎರಡೂ ಇದ್ದರೆ ಎರಡನ್ನೂ ಬರೆಯಿರಿ.

ಅಮ್ಮನನ್ನು ಬಿಟ್ಟು ಶಾಲೆಗೆ ಹೋಗಲ್ಲ ಅನ್ನುವ ಮಗುವಿಗೆ ಯಾವುದರ ಭಯ ಅನ್ನುವುದು ಮುಖ್ಯ. ಅಮ್ಮನಿಗೆ ಏನೋ ಆಗುತ್ತದೆ ಅಂತಲೋ, ಶಾಲೆಯ ದಾರಿಯಲ್ಲಿ ಆ ಜಾಗ ಬರುತ್ತದೆ ಅಂತಲೋ, ಶಾಲೆಯಲ್ಲಿ ಕಾಟ ಕೊಡುವವರಿದ್ದಾರೆ ಅಂತಲೋ.

ಸಿಟ್ಟು, ಎದುರುತ್ತರ, ಹೊಡೆದಾಟ ಇದ್ದರೆ ನಡತೆಯ ತೊಂದರೆ ಎಂದು ಬರೆಯುವ ಮೊದಲು ಹತ್ತು ಸಲ ಯೋಚಿಸಿ. ಆ ಹೆಸರು ಶಾಲೆಯ ಕಡತದಲ್ಲಿ ಕೂತರೆ ಮಗುವಿನ ಬೆನ್ನು ಬಿಡುವುದಿಲ್ಲ, ಆಮೇಲೆ ಅದರ ಭಯ ಯಾರಿಗೂ ಕಾಣುವುದಿಲ್ಲ. ಸಿಟ್ಟು ಬರುವುದಕ್ಕೆ ಒಂದು ನಿಮಿಷ ಮೊದಲು ಏನಾಯಿತು ಅಂತ ಕೇಳಿ. ಬೇಡ ಅಂದದ್ದಕ್ಕೆ ಬಂತಾ, ಅಥವಾ ಜೋರು ಸದ್ದು, ಮುಟ್ಟುವಿಕೆ, ಒಂದು ವಾಸನೆ ಇತ್ತಾ?

ಕೆಲವು ಮಕ್ಕಳು ಸುಮ್ನೆ ಶೂನ್ಯ ನೋಡುತ್ತಾ ಕೂತುಬಿಡುತ್ತಾರೆ. ಇದು ಮನಸ್ಸು ಸುತ್ತಲಿನದರಿಂದ ಕಳಚಿಕೊಳ್ಳುವ ಸ್ಥಿತಿ (ಡಿಸೋಸಿಯೇಶನ್) ಇರಬಹುದು, ಮೂರ್ಛೆರೋಗದ ಒಂದು ಬಗೆಯೂ ಇರಬಹುದು. ಆ ಬಗೆಯ ಮೂರ್ಛೆ ಕೆಲವೇ ಸೆಕೆಂಡು, ಆಡುತ್ತಿದ್ದ ಮಾತಿನ ನಡುವೆಯೇ ಥಟ್ಟನೆ ಬರುತ್ತದೆ, ಕರೆದರೂ ಮುಟ್ಟಿದರೂ ಎಚ್ಚರವಾಗುವುದಿಲ್ಲ, ದಿನಕ್ಕೆ ಹಲವು ಸಲ ಆಗಬಹುದು. ಕಳಚಿಕೊಳ್ಳುವುದು ಸಾಮಾನ್ಯವಾಗಿ ಇನ್ನೂ ಹೊತ್ತು ಇರುತ್ತದೆ, ಒಂದು ವಿಷಯ ಬಂದಾಗ ಬರುತ್ತದೆ, ಮೆತ್ತಗೆ ಹೆಸರು ಹಿಡಿದು ಕರೆದರೆ ಮಗು ಮರಳಬಹುದು. ಅನುಮಾನ ಇದ್ದರೆ ನರರೋಗ ತಜ್ಞರಿಗೆ ಕಳಿಸಿ, ಮಿದುಳಿನ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಆಗಲಿ.

ಕಿವಿಯಲ್ಲಿ ದನಿ ಕೇಳುತ್ತದೆ ಅಂದ ಕೂಡಲೇ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಎಂದು ಬರೆಯಬೇಡಿ. ಯಾರ ದನಿ, ಏನು ಹೇಳುತ್ತದೆ, ನಿದ್ದೆಗೆ ಜಾರುವಾಗ ಮಾತ್ರವಾ ಅಂತ ಕೇಳಿ. ಹೊಡೆದವನ ದನಿಯೇ ಕೇಳುತ್ತಿದ್ದರೆ ಅದು ನುಗ್ಗಿ ಬಂದ ನೆನಪು ಇರಬಹುದು. ಆದರೆ ಮಾತು ತಾಳ ತಪ್ಪಿದ್ದರೆ, ವಿಚಿತ್ರ ನಂಬಿಕೆಗಳು ಗಟ್ಟಿಯಾಗಿದ್ದರೆ ತಡಮಾಡದೆ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಬಾಂಧವ್ಯದ ತೊಂದರೆ (ಸಾಕುವವರ ಜೊತೆ ನಂಟು ಬೆಳೆಯದಿರುವುದು) ಅನ್ನುವ ಹೆಸರನ್ನು ಆಘಾತ ಆದ ಎಲ್ಲ ಮಕ್ಕಳಿಗೂ ಅಂಟಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದು ಎಳೆಯ ವಯಸ್ಸಿನಲ್ಲಿ ತೀವ್ರ ನಿರ್ಲಕ್ಷ್ಯ ಅನುಭವಿಸಿದ, 5 ವರ್ಷಕ್ಕೆ ಮೊದಲೇ ಲಕ್ಷಣ ಕಂಡ ಮಕ್ಕಳಿಗೆ ಮಾತ್ರ. ಹದಿಹರೆಯದವರಲ್ಲಿ ಕುಡಿತ, ತಂಬಾಕು, ಬೇರೆ ಅಮಲಿನ ಬಗ್ಗೆ ಬೈಯದೆ ಕೇಳಿ, ಎಷ್ಟೋ ಮಕ್ಕಳು ನಿದ್ದೆ ಬರಲಿ ಅಂತಲೇ ಅದಕ್ಕೆ ಕೈ ಹಾಕಿರುತ್ತಾರೆ.

6. ದೇಹವನ್ನು ಬಿಡಬೇಡಿ

ಅಪಘಾತ ಅಥವಾ ಹೊಡೆತ ಇದ್ದ ಕಡೆ ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳಲೇಬೇಕು. ಸಿಡುಕು, ಮರೆವು, ಗಮನ ಇಲ್ಲದಿರುವುದು ಅದರಿಂದಲೂ ಬರುತ್ತದೆ. ಕಿವಿ, ಕಣ್ಣು, ಗೊರಕೆ, ಥೈರಾಯ್ಡ್, ಕಬ್ಬಿಣಾಂಶ ನೋಡಿಸಿ. ಮಗು ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನೂ ನೋಡಿ, ಅಸ್ತಮಾದ ಕೆಲವು ಔಷಧಿಗಳಿಂದಲೂ ಚಡಪಡಿಕೆ ಬರುತ್ತದೆ. ಓದಿನಲ್ಲಿ ಹಿಂದಿದ್ದರೆ ಕಲಿಕೆಯ ತೊಂದರೆಗೆ ಪ್ರತ್ಯೇಕ ಪರೀಕ್ಷೆ ಬೇಕು.

7. ಪ್ರಶ್ನಾವಳಿಗಳು

ಮೊದಲು ಅಗಲ, ಆಮೇಲೆ ಆಳ. ಎಲ್ಲದರ ಮೇಲೂ ಒಂದು ನೋಟ ಹಾಯಿಸಲು 25 ಪ್ರಶ್ನೆಗಳ ಎಸ್‌ಡಿಕ್ಯೂ ಅಥವಾ ಇನ್ನೂ ಉದ್ದದ ಸಿಬಿಸಿಎಲ್. ಆಘಾತಕ್ಕೆ ಸಿಎಟಿಎಸ್, ಅದರಲ್ಲಿ ಘಟನೆಗಳ ಪಟ್ಟಿಯೂ ಇದೆ, 7ರಿಂದ 17 ವರ್ಷದವರು ತಾವೇ ತುಂಬಬಹುದು, ಚಿಕ್ಕವರಿಗೆ ಸಾಕುವವರು ತುಂಬುವ ನಮೂನೆ ಇದೆ. ಆತಂಕಕ್ಕೆ 41 ಪ್ರಶ್ನೆಗಳ ಸ್ಕೇರ್ಡ್. ಕಳಚಿಕೊಳ್ಳುವ ಲಕ್ಷಣಕ್ಕೆ ಫ್ರಾಂಕ್ ಪುಟ್ನಮ್ ಮಾಡಿದ 20 ಅಂಶಗಳ ಪಟ್ಟಿ, ಅದನ್ನು ಸಾಕುವವರು ತುಂಬುತ್ತಾರೆ. ಮಗುವಿನ ಮಾತೃಭಾಷೆಯಲ್ಲಿ ಪರೀಕ್ಷಿಸಿ ಸಿದ್ಧಪಡಿಸಿದ ಅನುವಾದ ಇದೆಯಾ ನೋಡಿ.

ಎಲ್ಲವನ್ನೂ ಒಂದೇ ದಿನ ಕೊಟ್ಟರೆ ಮಗು ಬೇಸತ್ತು ಸಾಲಾಗಿ ಒಂದೇ ಉತ್ತರಕ್ಕೆ ಗುರುತು ಹಾಕುತ್ತದೆ. ಓದಲು ಕಷ್ಟ ಇದ್ದರೆ ನೀವೇ ಓದಿ ಹೇಳಿ. ಒಟ್ಟು ಅಂಕ ನೋಡಿ ಹಾಳೆ ಮಡಚಬೇಡಿ, ಒಂದೊಂದು ಉತ್ತರವನ್ನೂ ನೋಡಿ. ಸಾಯುವ ಯೋಚನೆಯ ಪ್ರಶ್ನೆ ಇದ್ದರೆ ಮಗು ಕೋಣೆ ಬಿಟ್ಟು ಹೋಗುವ ಮೊದಲೇ ಅದನ್ನು ನೋಡಿರಬೇಕು. ನಾಳೆ ಅಲ್ಲ.

8. ಎಲ್ಲವನ್ನೂ ಒಂದು ಪುಟಕ್ಕೆ ತನ್ನಿ

ಅನುಮಾನ ಬಂದ ಪ್ರತಿ ತೊಂದರೆಗೂ ಒಂದು ಸಾಲು. ಯಾವಾಗ ಶುರು, ಎಲ್ಲೆಲ್ಲಿ ಕಾಣುತ್ತದೆ, ಯಾರು ಹೇಳಿದರು, ಪರವಾಗಿ ಏನಿದೆ, ವಿರುದ್ಧ ಏನಿದೆ, ಬದುಕಿಗೆ ಎಷ್ಟು ಅಡ್ಡಿ. ವಿರುದ್ಧದ ಅಂಕಣ ಖಾಲಿ ಇದ್ದರೆ ನೀವು ಹುಡುಕಿಲ್ಲ ಅಂತ ಅರ್ಥ.

ನಿದ್ದೆ, ಗಮನ, ಸಿಡುಕು ಈ ಮೂರೂ ಎಲ್ಲ ಪಟ್ಟಿಯಲ್ಲೂ ಇರುತ್ತವೆ. ಒಂದೇ ಕೆಟ್ಟ ನಿದ್ದೆಯನ್ನು ಮೂರು ಕಾಯಿಲೆಗೆ ಲೆಕ್ಕ ಹಾಕಿದರೆ ಮಗುವಿಗೆ ಮೂರು ಹೆಸರು ಸಿಕ್ಕಿಬಿಡುತ್ತದೆ ಅಲ್ವಾ? ಅದಕ್ಕೆ ಒಂದು ಸಲ ಈ ಮೂರನ್ನು ಬದಿಗಿಟ್ಟು, ಉಳಿದ ಲಕ್ಷಣಗಳ ಬಲದ ಮೇಲೆ ಆ ಹೆಸರು ನಿಲ್ಲುತ್ತದಾ ಅಂತ ನೋಡಿ. ಇದು ಅಧಿಕೃತ ನಿಯಮ ಅಲ್ಲ, ಆದರೆ ಅವಸರಕ್ಕೆ ಕಡಿವಾಣ ಹಾಕುತ್ತದೆ. ನಮ್ಮ ಹುಡುಗನ ಪುಟದಲ್ಲಿ ಕೊನೆಗೆ ಉಳಿಯುವುದು ಹೀಗಿರಬಹುದು: ಪಿಟಿಎಸ್‌ಡಿ ಇದೆ, ದುಃಖ ಸಿಕ್ಕಿಹಾಕಿಕೊಂಡಿದೆ, ಎಡಿಎಚ್‌ಡಿ ಇರಬಹುದು ಆದರೆ ಈಗ ಹೇಳಲಾಗದು. "ಈಗ ಹೇಳಲಾಗದು" ಅಂತ ಬರೆಯಲು ಹಿಂಜರಿಯಬೇಡಿ.

ಯಾವುದಕ್ಕೆ ಮೊದಲು ಚಿಕಿತ್ಸೆ? ಜೀವದ ಅಪಾಯ ಇದ್ದರೆ ಅದು. ಆಮೇಲೆ ಮಗುವಿನ ದಿನವನ್ನು ಯಾವುದು ಹೆಚ್ಚು ಹಾಳುಮಾಡುತ್ತಿದೆಯೋ ಅದು. ಆಘಾತ ಕೇಂದ್ರಿತ ಸಿಬಿಟಿಯಿಂದ (ಯೋಚನೆ ಮತ್ತು ನಡತೆಯನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ) ಪಿಟಿಎಸ್‌ಡಿಯ ಜೊತೆಗೆ ಖಿನ್ನತೆಯೂ ತಗ್ಗುವುದು ಉಂಟು, ಹಾಗಾಗಿ ಪ್ರತಿ ಹೆಸರಿಗೂ ಒಂದೊಂದು ಚಿಕಿತ್ಸೆ ಶುರು ಮಾಡಬೇಕಿಲ್ಲ. ಆದರೆ ಎಡಿಎಚ್‌ಡಿ ಮೊದಲಿನಿಂದಲೂ ಸ್ಪಷ್ಟವಾಗಿ ಇದ್ದರೆ ಅದರ ಚಿಕಿತ್ಸೆಯನ್ನು ಆಘಾತದ ನೆಪದಲ್ಲಿ ಮುಂದೂಡಬೇಡಿ.

9. ಮಗುವಿಗೆ ಹೇಳುವುದು, ಮತ್ತೆ ನೋಡುವುದು

ವರದಿ ದೊಡ್ಡವರ ಕೈಗೆ ಹೋಗುತ್ತದೆ, ಮಗುವಿಗೆ ಯಾರೂ ಏನೂ ಹೇಳುವುದಿಲ್ಲ. ಹಾಗೆ ಮಾಡಬೇಡಿ. "ಅವತ್ತು ನಡೆದದ್ದು ಮುಗಿದಿದೆ ಅಂತ ನಿನ್ನ ತಲೆಗೆ ಗೊತ್ತು, ಮೈಗೆ ಇನ್ನೂ ಗೊತ್ತಾಗಿಲ್ಲ, ಅದಕ್ಕೇ ಯಾರಾದರೂ ಮುಟ್ಟಿದರೆ ಕೈ ತಾನಾಗೇ ಎದ್ದುಬಿಡುತ್ತೆ. ನೀನು ಕೆಟ್ಟವನಲ್ಲ. ಇದಕ್ಕೆ ಸಹಾಯ ಇದೆ" ಎಂದು ಅದಕ್ಕೆ ಅರ್ಥವಾಗುವ ಹಾಗೆ ಹೇಳಿ. ಅಪಘಾತ ತನ್ನಿಂದಲೇ ಆಯಿತು ಅಂದುಕೊಂಡಿದೆಯಾ ಅಂತ ಇನ್ನೊಮ್ಮೆ ಕೇಳಿ. ಶಾಲೆಗೆ ಕೊಡುವ ಪತ್ರದಲ್ಲಿ ಘಟನೆಯ ವಿವರ ಬೇಡ, ಹಿಂದಿನಿಂದ ಮುಟ್ಟಬೇಡಿ, ಬಾಗಿಲು ಕಾಣುವ ಹಾಗೆ ಕೂರಿಸಿ, ಬೇಕಾದಾಗ ಹೊರಗೆ ಹೋಗಲು ಬಿಡಿ ಅಂತ ಬರೆದರೆ ಸಾಕು.

ಚಿಕಿತ್ಸೆ ಶುರುವಾಗಿ ಎರಡು ಮೂರು ತಿಂಗಳಿಗೆ ಮತ್ತೆ ಅಳೆಯಿರಿ, ಅದೇ ಪ್ರಶ್ನಾವಳಿಗಳಿಂದ. ಕನಸು ನಿಂತು, ನಿದ್ದೆ ಸರಿಹೋಗಿ, ಬೆಚ್ಚುವುದು ಕಡಿಮೆಯಾದ ಮೇಲೂ ಕೂತಲ್ಲಿ ಕೂರಲಾಗದಿದ್ದರೆ ಆಗ ಎಡಿಎಚ್‌ಡಿಯ ಪ್ರಶ್ನೆಯನ್ನು ಮತ್ತೆ ತೆರೆಯಿರಿ. ಮೊದಲ ದಿನ ಗೆರೆ ಎಳೆದ ಹಾಳೆಯನ್ನೂ ಹರವಿ, ಪೆನ್ನನ್ನು ಈ ಸಲ ಹುಡುಗನ ಕೈಗೆ ಕೊಡಿ, ಆಗ ಹೇಳದೇ ಬಿಟ್ಟದ್ದು ಏನಾದರೂ ಇದ್ದರೆ ಎಲ್ಲಿ ಬರುತ್ತದೆ ಅಂತ ಅವನೇ ಗುರುತು ಹಾಕಲಿ.